ದೂರದ ಮಸೂರ, ಬೆಳಕಿನ ಅಂಚು: ಕಪ್ಪು-ಬಿಳುಪು ವನ್ಯಜೀವಿ ಛಾಯಾಚಿತ್ರ ಕುರಿತ ಒಂದು ವಿವೇಚನೆ

ಭಾರತದ ವನ್ಯಜೀವಿ ಛಾಯಾಗ್ರಹಣದ ಚರಿತ್ರೆಯಲ್ಲಿ ಎರಡು ಗ್ರಂಥಗಳ ಶೀರ್ಷಿಕೆಗಳು ಹೆಚ್ಚುಕಡಿಮೆ ಒಂದೇ ಆಗಿರುವುದು ಗಮನಾರ್ಹ. ಸಂಯುಕ್ತ ಪ್ರಾಂತದ ಅರಣ್ಯಾಧಿಕಾರಿಯಾಗಿದ್ದ ಎಫ್.ಡಬ್ಲ್ಯು. ಚಾಂಪಿಯನ್ 1930ರ ದಶಕದಲ್ಲಿ ಹೊರತಂದ ಕೃತಿ ‘ದಿ ಜಂಗಲ್ ಇನ್ ಸನ್‌ಲೈಟ್ ಅಂಡ್ ಶ್ಯಾಡೋ’. ಸಂಡೂರಿನ ಎಂ.ವೈ. ಘೋರ್ಪಡೆಯವರದು (1931–2011) 1983ರ ‘ಸನ್‌ಲೈಟ್ ಅಂಡ್ ಶ್ಯಾಡೋಸ್’. ರಾಜ್ಯದ ಹಣಕಾಸು ಸಚಿವರಾಗಿದ್ದ ಘೋರ್ಪಡೆಯವರು ಕಪ್ಪು-ಬಿಳುಪಿನ ವನ್ಯಜೀವಿ ಚಿತ್ರಗಳಿಂದ ಹೆಸರಾದವರು. ಬಿಸಿಲು-ನೆರಳು ಎಂಬ ಈ ಜೋಡಿಪದವನ್ನು ಕಾವ್ಯಾಲಂಕಾರವೆಂದು, ಕಾಡಿನ ಬಗೆಗಿನ ರಮ್ಯ ಹಂಬಲವೆಂದು ಓದುವ ರೂಢಿಯಿದೆ. ಈ ಓದು ಅಪೂರ್ಣ. ಅದು ಮೊದಲಿಗೆ ಕಸುಬಿನ ಮಾತು.

ಕಾಡಿನಲ್ಲಿ ಜಿಂಕೆ ಕಣ್ಣಿಗೆ ಬೀಳುವುದು ಬಣ್ಣದ ಭೇದದಿಂದ: ಹಸಿರಿನ ನಡುವೆ ಕಂದು. ಕಪ್ಪು-ಬಿಳುಪು ಫಿಲ್ಮಿನ ಮೇಲೆ ಈ ಎರಡೂ ಬಹುಮಟ್ಟಿಗೆ ಒಂದೇ ಬೂದುಬಣ್ಣವಾಗಿಬಿಡುತ್ತವೆ. ಕಣ್ಣೆದುರಿಗೆ ನಿಂತಿದ್ದ ಪ್ರಾಣಿ ಚಿತ್ರದಲ್ಲಿ ಪೊದೆಯೊಳಗೆ ಕರಗಿಹೋಗುತ್ತದೆ. ಅದನ್ನು ಬಿಡಿಸಿ ತೋರಿಸಲು ಛಾಯಾಗ್ರಾಹಕನಿಗೆ ಉಳಿಯುವ ದಾರಿಗಳು ಕೆಲವೇ. ಸೂರ್ಯ ಪ್ರಾಣಿಯ ಹಿಂದಿದ್ದಾಗ ಅದರ ಮೈಯಂಚಿನಲ್ಲಿ ಮೂಡುವ ಬೆಳಕಿನ ಗೆರೆಗಾಗಿ ಕಾಯುವುದು ಒಂದು. ಮಂಜು ಅಥವಾ ಧೂಳು ಹಿನ್ನೆಲೆಯನ್ನು ತಿಳಿಗೊಳಿಸುವವರೆಗೆ ತಡೆಯುವುದು ಇನ್ನೊಂದು. ಹಿನ್ನೆಲೆಯನ್ನು ಮಸುಕಾಗಿಸುವ ಮಸೂರವನ್ನು ಬಳಸುವುದು ಮತ್ತೊಂದು. ಇಂದು ಅವನ್ನು ಸೌಂದರ್ಯದ ಆಯ್ಕೆಗಳೆಂದು ಕರೆಯುತ್ತೇವೆ. ಅವುಗಳ ಬುಡದಲ್ಲಿ ಇರುವುದು ಅನಿವಾರ್ಯತೆ.

1891ರಲ್ಲಿ ಇಂಗ್ಲೆಂಡಿನ ಥಾಮಸ್ ಡಾಲ್‌ಮೇಯರ್ ಸೇರಿದಂತೆ ಹಲವರು ಪ್ರತ್ಯೇಕವಾಗಿ ರೂಪಿಸಿದ ಟೆಲಿಫೋಟೊ ಮಸೂರದ ಬಗ್ಗೆ ‘ದೂರದ್ದನ್ನು ಹತ್ತಿರ ತರುತ್ತದೆ’ ಎಂಬ ಮಾತು ಸವೆದ ನಾಣ್ಯವಾಗಿದೆ. 35 ಮಿ.ಮೀ. ಕ್ಯಾಮೆರಾಕ್ಕೆ 400 ಮಿ.ಮೀ. ಸಂಗಮದೂರದ ಮಸೂರ ಜೋಡಿಸಿದರೆ ಅದು ಕಾಣುವುದು ಅಡ್ಡಕ್ಕೆ ಸುಮಾರು 5 ಡಿಗ್ರಿಯಷ್ಟನ್ನು ಮಾತ್ರ. 30 ಮೀಟರ್ ದೂರದಲ್ಲಿ ಚೌಕಟ್ಟಿಗೆ ಸಿಗುವ ಅಗಲ 2.7 ಮೀಟರ್: ಒಂದು ಜಿಂಕೆ, ಅದರ ಆಚೀಚೆ ಒಂದಿಷ್ಟು ಹುಲ್ಲು. ಎಫ್/5.6ರಲ್ಲಿ ಸ್ಪಷ್ಟವಾಗಿ ಮೂಡುವ ಆಳ 2 ಮೀಟರಿಗೂ ಕಡಿಮೆ. ಕೈಯಲ್ಲಿ ಹಿಡಿದು ತೆಗೆಯುವುದಾದರೆ ಸೆಕೆಂಡಿನ 500ನೇ ಒಂದು ಭಾಗದ ವೇಗ ಬೇಕು. ಮರದ ನೆರಳಿನಲ್ಲಿ ಆ ಕಾಲದ ಫಿಲ್ಮಿಗೆ ಅಷ್ಟು ಬೆಳಕು ದೊರೆಯುವುದು ಅಪರೂಪ. ಹಳೆಯ ಮಸೂರಗಳ ಲೇಪನ ತೆಳುವಾದ್ದರಿಂದ ಎದುರು ಬೆಳಕಿನಲ್ಲಿ ಚಿತ್ರದ ಮೇಲೆ ಬಿಳಿಯ ತೆಳುಪರದೆಯೊಂದು ಹರಡುತ್ತದೆ, ಕಡುಗಪ್ಪು ಬೂದಿಗೆ ತಿರುಗುತ್ತದೆ. ದೋಷವೆಂದು ಪಟ್ಟಿಮಾಡಲಾಗುವ ಇದು ಮಂಜಿನ ಬೆಳಗಿನ ಚಿತ್ರಗಳಲ್ಲಿ ಎಷ್ಟೋ ಸಲ ಗುಣವಾಗಿ ಒದಗಿದೆ.

ದೂರದ ಮಸೂರದ ಮುಖ್ಯ ಪರಿಣಾಮ ಸಾಮೀಪ್ಯವಲ್ಲ, ಆಳದ ಲೋಪ. ಎರಡು ಆನೆಗಳು 12 ಮೀಟರ್ ಅಂತರದಲ್ಲಿ ಒಂದರ ಹಿಂದೊಂದು ನಿಂತಿವೆಯೆಂದು ಭಾವಿಸಬಹುದು. 6 ಮೀಟರಿನಿಂದ ನೋಡಿದವನಿಗೆ ಹಿಂದಿನದು ಮುಂದಿನದರ ಮೂರನೇ ಒಂದು ಪಾಲಷ್ಟೇ ಕಾಣುತ್ತದೆ. 60 ಮೀಟರಿನಿಂದ ನೋಡಿದರೆ ಆರರಲ್ಲಿ ಐದು ಪಾಲು. ಇದು ನಿಂತ ಜಾಗದ ಫಲ. ಮಸೂರ ಆ ನೋಟವನ್ನು ಕತ್ತರಿಸಿ ದೊಡ್ಡದು ಮಾಡುತ್ತದೆ, ಅಷ್ಟೆ. ಗಾತ್ರವು ಅಂತರವನ್ನು ಹೇಳುವುದನ್ನು ನಿಲ್ಲಿಸಿದಾಗ ಪ್ರಾಣಿಗಳು ಪದರಪದರವಾಗಿ ಒಂದರ ಮೇಲೊಂದು ಒರಗಿದಂತೆ ತೋರುತ್ತವೆ.

ಈ ನೋಟಕ್ಕೆ ಸಂಡೂರಿನ ಸುತ್ತಲ ಬಳ್ಳಾರಿ ಸೀಮೆಯಲ್ಲೇ ಹಳೆಯ ಬಂಧುವೊಂದಿದೆ: ತೊಗಲುಗೊಂಬೆಯಾಟ. ಬಿಳಿಯ ಪರದೆ, ಹಿಂದೆ ದೀಪ, ಪರದೆಗೆ ಒತ್ತಿ ಹಿಡಿದ ಚಪ್ಪಟೆ ಆಕೃತಿ. ಪಾತ್ರದ ಗುರುತು ಹತ್ತುವುದು ಹೊರಗೆರೆಯಿಂದ. ಗೊಂಬೆಯ ಗಾತ್ರ ಪಾತ್ರದ ಸ್ಥಾನಮಾನವನ್ನು ಹೇಳುತ್ತದೆಯೇ ಹೊರತು ದೂರವನ್ನಲ್ಲ. ಘೋರ್ಪಡೆಯವರು ಈ ಆಟದಿಂದ ಪ್ರಭಾವಿತರಾದರೆಂದು ಇಲ್ಲಿ ವಾದಿಸುತ್ತಿಲ್ಲ. ಅಂತಹ ಮೂಲಶೋಧ ಜಾನಪದ ವಿದ್ವಾಂಸರ ಹಳೆಯ ಚಟ. ಬೆಳಕನ್ನು ಹಿಂದಿಟ್ಟು, ಆಳವನ್ನು ಬಿಟ್ಟುಕೊಟ್ಟು, ಹೊರಗೆರೆಯಿಂದ ಕಥೆ ಹೇಳಬೇಕಾದಾಗ ಎರಡು ಕಸುಬುಗಳು ಒಂದೇ ಪರಿಹಾರಕ್ಕೆ ಬಂದವು ಎಂಬುದಷ್ಟೇ ಹೇಳಬಹುದಾದದ್ದು. ಗೊಂಬೆಗೆ ಬಣ್ಣವಿದೆ, ಕಪ್ಪು-ಬಿಳುಪಿಗೆ ಇಲ್ಲ ಎಂಬ ಆಕ್ಷೇಪ ನ್ಯಾಯವಾದದ್ದೇ. ಹೋಲಿಕೆ ಹೊರಗೆರೆಗೆ ನಿಲ್ಲುತ್ತದೆ.

ಹೋಲಿಕೆ ಮುರಿಯುವ ಇನ್ನೊಂದು ಎಡೆಯೂ ಇದೆ, ವಿಮರ್ಶೆಗೆ ಅದು ಹೆಚ್ಚು ಮುಖ್ಯ. ಚಾಂಪಿಯನ್ ಹುಲಿಯ ಹಾದಿಗೆ ಅಡ್ಡಲಾಗಿ ತಂತಿ ಕಟ್ಟಿ, ಅದನ್ನು ತುಳಿದ ಪ್ರಾಣಿ ತನ್ನ ಚಿತ್ರವನ್ನು ತಾನೇ ತೆಗೆದುಕೊಳ್ಳುವಂತೆ ಮಾಡಿದ್ದ. ತಂತಿ ಕಟ್ಟಲು ಹುಲಿಯ ಹಾದಿ ಗೊತ್ತಿರಬೇಕು. ದೂರದ ಮಸೂರ ಹಿಡಿದವನಿಗೂ ಆ ತಿಳಿವು ಬೇಕೇಬೇಕು. ಬಂಡೀಪುರ, ನಾಗರಹೊಳೆಗಳಲ್ಲಿ ಅದನ್ನು ಹೊತ್ತವರು ಜೇನುಕುರುಬ, ಬೆಟ್ಟಕುರುಬ ಸಮುದಾಯಗಳ ಹೆಜ್ಜೆಗಾರರು, ಮಾವುತರು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಮತ್ತು 1973ರ ಹುಲಿ ಯೋಜನೆಯ ಬಳಿಕ ಈ ಸಮುದಾಯಗಳ ಅನೇಕ ಕುಟುಂಬಗಳು ಕಾಡಿನ ಹಾಡಿಗಳಿಂದ ಹೊರಬಂದವು. ಈ ಪ್ರಕಾರದ ಚಿತ್ರಗಳು ಪ್ರದರ್ಶನಗಳಲ್ಲಿ ಮನ್ನಣೆ ಪಡೆಯುತ್ತಿದ್ದ ದಶಕಗಳೂ ಅವೇ. 5 ಡಿಗ್ರಿಯ ಚೌಕಟ್ಟಿನಲ್ಲಿ ಹೆಜ್ಜೆಗಾರನಿಗೆ ಎಡೆಯಿಲ್ಲ, ಅವನು ಮಸೂರದ ಈಚೆಗೆ ನಿಂತಿರುತ್ತಾನೆ. ನಿರ್ಜನ ಕಾಡು ಎಂಬ ಕಲ್ಪನೆಗೆ ಈ ಚಿತ್ರಗಳು ಒದಗಿಸಿದ ಬಲವನ್ನು ಅವುಗಳ ಸೊಬಗಿನಷ್ಟೇ ಎಚ್ಚರದಿಂದ ಅಳೆಯಬೇಕಾಗಿದೆ.

ತೊಗಲುಗೊಂಬೆಯ ಪರದೆಯ ಮೇಲೆ ರಾಮ-ರಾವಣರ ನಡುವೆಯೇ ಕಿಳ್ಳೇಕ್ಯಾತ ನುಗ್ಗಿ ಬರುತ್ತಾನೆ, ಜೊತೆಗೆ ಬಂಗಾರಕ್ಕ. ಇಬ್ಬರೂ ನೋಡುವವರ ಆಡುಮಾತಿನಲ್ಲೇ ತಮಾಷೆಯಾಡುತ್ತಾರೆ. ಆಟ ಆಡಿಸುವ ಸಮುದಾಯವನ್ನು ಜನ ಗುರುತಿಸುವುದೂ ಆ ಗೊಂಬೆಯ ಹೆಸರಿನಿಂದಲೇ.