ಶಿರಾದ ಜುಮ್ಮಾ ಮಸೀದಿ: ಹೆಸರು ಮೊಗಲರದು, ರೂಪ ಬಿಜಾಪುರದ್ದು

ಹೇಮಾವತಿಯ ನೊಳಂಬ ಶಿಲ್ಪದ ವಿಷಯ ಬಂದರೆ ನಮ್ಮ ಮಡಕಶಿರಾ ಸೀಮೆಯ ಉಪಾಧ್ಯಾಯರು ಅಭಿಮಾನದಿಂದ ಮಾತನಾಡುವುದುಂಟು. ಅದು ಯುಕ್ತವೇ. ಆದರೆ ಗುಡಿಬಂಡೆಯಿಂದ ಗಡಿ ದಾಟಿ ಶಿರಾಕ್ಕೆ ಹೋದಾಗ ಅಲ್ಲಿಯ ಜುಮ್ಮಾ ಮಸೀದಿಯನ್ನು ‘ಮೊಗಲರ ಕಟ್ಟಡ’ ಎಂಬ ಒಂದೇ ಮಾತಿನಲ್ಲಿ ಮುಗಿಸಿಬಿಡುತ್ತೇವೆ. ಆ ಮಾತು ಎಷ್ಟರಮಟ್ಟಿಗೆ ನಿಜವೆಂಬುದನ್ನು ಪರೀಕ್ಷಿಸುವುದೇ ಈ ಲೇಖನದ ಉದ್ದೇಶ.

ಮೊದಲು ಕಾಲವನ್ನು ನೋಡೋಣ. ರತ್ನಗಿರಿಯ ನಾಯಕರ ಕೈಯಲ್ಲಿದ್ದ ಶಿರಾವನ್ನು 1638ರ ಸುಮಾರಿಗೆ ಬಿಜಾಪುರದ ಸೇನಾನಿ ರಣದುಲ್ಲಾಖಾನನು ಗೆದ್ದುಕೊಂಡನು. ಬಿಜಾಪುರದ ಪರವಾಗಿ ಇಲ್ಲಿ ಅಧಿಕಾರ ನಡೆಸಿದ ಮಲಿಕ್ ರಿಹಾನನ ಸಮಾಧಿ 1651ರದು. 1686ರಲ್ಲಿ ಔರಂಗಜೇಬನು ಬಿಜಾಪುರವನ್ನು ವಶಪಡಿಸಿಕೊಂಡನು. ಮರುವರ್ಷ ಶಿರಾ ಮೊಗಲ್ ಸುಬೆಯ ರಾಜಧಾನಿಯಾಯಿತು. ಖಾಸಿಂಖಾನನು ಅದರ ಮೊದಲ ಸುಬೇದಾರ. ಜುಮ್ಮಾ ಮಸೀದಿಯ ಕಾಲ 1696. ಎಂದರೆ, ಬಿಜಾಪುರ ಬಿದ್ದ ಮೇಲೆ ಕೇವಲ ಹತ್ತು ವರ್ಷ.

ಈ ಹತ್ತು ವರ್ಷವೇ ನಮ್ಮ ವಿಚಾರಕ್ಕೆ ಮುಖ್ಯವಾದುದು. ಅರಸೊತ್ತಿಗೆ ಒಂದು ಯುದ್ಧದಲ್ಲಿ ಬದಲಾಗಬಹುದು. ಕಲ್ಲುಕುಟಿಗನ ಕೈಗೆ ಕೂಡಿಬಂದ ರೂಢಿ ಅಷ್ಟು ಬೇಗ ಬದಲಾಗುವುದಿಲ್ಲ.

ಪ್ರಾರ್ಥನೆಯ ಹೊತ್ತು ಮುಗಿದ ಮೇಲೆ, ಅಲ್ಲಿಯವರ ಅಪ್ಪಣೆ ಪಡೆದು, ನಾವು ಅಂಗಳದಲ್ಲಿ ನಿಂತು ನೋಡಿದೆವು. ಕಟ್ಟಡವೆಲ್ಲ ಕೆತ್ತಿ ನಯಮಾಡಿದ ಕಲ್ಲಿನದು. ಮುಂಭಾಗದ ಕಮಾನುಗಳು, ಮೇಲಿನ ಗುಮ್ಮಟ, ಚಿಕ್ಕ ಮೀನಾರುಗಳು ಒಂದನ್ನೊಂದು ಮೀರದೆ ಹೊಂದಿಕೊಂಡಿವೆ. ಅಲಂಕಾರ ಮಿತವಾದುದು. ನಮ್ಮ ಸೀಮೆಯ ಕಗ್ಗಲ್ಲಿಗೆ ಉಳಿ ಸುಲಭವಾಗಿ ಇಳಿಯುವುದಿಲ್ಲ; ಮರದಂತೆ ಅದನ್ನು ಕೊರೆಯಲಾಗದು. ಆದುದರಿಂದ ಇಲ್ಲಿಯ ಚೆಲುವು ಬಹುಮಟ್ಟಿಗೆ ಕೆತ್ತನೆಯಲ್ಲಿಲ್ಲ, ಪ್ರಮಾಣದಲ್ಲಿದೆ. ಇದನ್ನು ಬಡತನವೆಂದು ಎಣಿಸುವುದು ತಪ್ಪು. ವಸ್ತುವಿನ ಸ್ವಭಾವವನ್ನು ಅರಿತು ನಡೆದ ಸಂಯಮವೆಂದೇ ನಾವು ತಿಳಿಯುತ್ತೇವೆ.

ಇನ್ನು ಹೋಲಿಕೆ. ದೆಹಲಿಯ ಜಾಮಾ ಮಸೀದಿಯನ್ನು ಷಹಜಹಾನನು 1650ರಿಂದ 1656ರವರೆಗೆ ಕಟ್ಟಿಸಿದನು. ಕೆಂಪು ಮರಳುಗಲ್ಲು, ಬಿಳಿಯ ಅಮೃತಶಿಲೆ, ಈ ಎರಡು ಬಣ್ಣಗಳ ಮೇಳವೇ ಅದರ ವೈಭವ. ಅದೇ ಕಾಲದಲ್ಲಿ, 1651ರಲ್ಲಿ, ಎದ್ದ ಮಲಿಕ್ ರಿಹಾನನ ಸಮಾಧಿಯನ್ನು ನೋಡಿ. ಹೂವಿನ ದಳಗಳ ನಡುವಿನಿಂದ ಮೊಗ್ಗು ಏಳುವಂತೆ ಗುಮ್ಮಟವನ್ನು ಏರಿಸುವ ಬಿಜಾಪುರದ ಪದ್ಧತಿ ಇಲ್ಲಿಯದು. ಸಮಾಧಿಯಿಂದ ಮಸೀದಿಗೆ ನಡೆದು ಬಂದವನಿಗೆ ರಾಜ್ಯ ಬದಲಾದುದು ಕಾಣಿಸುವುದಿಲ್ಲ; ಒಂದೇ ಮನೆತನದ ಮುಖಚರ್ಯೆ ಕಾಣುತ್ತದೆ. ದೆಹಲಿಯನ್ನು ನೆನೆದು ಬಂದವನಿಗೆ ನಿರಾಶೆಯಾದೀತು. ಬಿಜಾಪುರದ ಇಬ್ರಾಹಿಂ ರೋಜಾವನ್ನು ಬಲ್ಲವನಿಗೆ ನೆಂಟರ ಮನೆಗೆ ಬಂದಂತಾದೀತು.

ಹಾಗಾದರೆ ‘ಮೊಗಲ್’ ಎಂಬ ಹೆಸರು ಸುಳ್ಳೇ? ಸುಳ್ಳಲ್ಲ, ಆಳಿದವರ ಹೆಸರು ಅದು, ಕಾಲಸೂಚಕ. ಅದನ್ನೇ ಶೈಲಿಯ ಹೆಸರೆಂದು ಬಳಸಿದಾಗ ದೋಷ ತಲೆದೋರುತ್ತದೆ. ಶೈಲಿಯನ್ನು ಬಿಜಾಪುರಕ್ಕೂ, ಕಲ್ಲಿನ ಗುಣವನ್ನು ಈ ನೆಲಕ್ಕೂ ಸಲ್ಲಿಸುವುದೇ ನ್ಯಾಯ.

ಇದು ಪದಗಳ ಜಗಳ ಮಾತ್ರವಲ್ಲ. ಶಿರಾ ಸುಬೆಗೆ ಸೇರಿದ್ದ ಪರಗಣೆಗಳು ಏಳು: ಬಸವಾಪಟ್ಟಣ, ಬೂದಿಹಾಳು, ಶಿರಾ, ಪೆನುಗೊಂಡೆ, ದೊಡ್ಡಬಳ್ಳಾಪುರ, ಹೊಸಕೋಟೆ, ಕೋಲಾರ. ಪೆನುಗೊಂಡೆ ಇಂದು ಆಂಧ್ರದಲ್ಲಿದೆ, ಶಿರಾ ಕರ್ನಾಟಕದಲ್ಲಿ. ನಮ್ಮ ಗುಡಿಬಂಡೆಯೂ ಅನಂತಪುರ ಜಿಲ್ಲೆಯಲ್ಲಿದ್ದು 2022ರಲ್ಲಿ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿತು. ಗೆರೆಗಳು ಹೀಗೆ ಬದಲಾಗುತ್ತಿರುತ್ತವೆ. ಶಿರಾದ ಕಟ್ಟಡ ‘ಆಚೆ ರಾಜ್ಯದ್ದು’, ಅದರ ಶೈಲಿ ‘ದೆಹಲಿಯವರದು’ ಎಂದು ಕಲಿತ ಗಡಿನಾಡಿನ ಹುಡುಗ ಎರಡು ಸಲ ತನ್ನ ಪಾಲನ್ನು ಕಳೆದುಕೊಳ್ಳುತ್ತಾನೆ.

ಉಪಾಧ್ಯಾಯ ಮಿತ್ರರಲ್ಲಿ ನಮ್ಮ ವಿನಂತಿ ಇಷ್ಟೇ. ಹೇಮಾವತಿಯನ್ನು ತೋರಿಸಿದ ಮೇಲೆ ಮಕ್ಕಳನ್ನು ಶಿರಾಕ್ಕೂ ಕರೆದೊಯ್ಯಿರಿ. ಅರಸರ ಹೆಸರನ್ನು ಬಾಯಿಪಾಠ ಮಾಡಿಸುವ ಮೊದಲು ಕಲ್ಲನ್ನು ನೋಡಲು ಹೇಳಿರಿ. ಮುಂದಿನದನ್ನು ಆ ಕಟ್ಟಡವೇ ಕಲಿಸೀತು.