30 ಚೆಸ್ಟ್‌ನಟ್‌ಗೆ 60 ಗ್ರಾಂ ಚಾಕೊಲೇಟ್

ಪೆಲ್ಲೆಗ್ರಿನೊ ಆರ್ತೂಸಿ 1891ರಲ್ಲಿ ಫ್ಲಾರೆನ್ಸಿನಲ್ಲಿ ಸ್ವಂತ ಖರ್ಚಿನಿಂದ ಅಚ್ಚು ಹಾಕಿಸಿದ ಅಡುಗೆ ಪುಸ್ತಕ ಆವೃತ್ತಿಯಿಂದ ಆವೃತ್ತಿಗೆ ಬೆಳೆದು 790 ಪಾಕಗಳಿಗೆ ಮುಟ್ಟಿತು. ಇಟಲಿಯ ಮನೆಗಳಲ್ಲಿ ಇವತ್ತಿಗೂ ಕೈಗೆ ಸಿಗುವ ಪುಸ್ತಕ ಅದು. ಅದರಲ್ಲೊಂದು ಶರತ್ಕಾಲದ ಸಿಹಿಯಿದೆ: 30 ದೊಡ್ಡ ಚೆಸ್ಟ್‌ನಟ್, 130 ಗ್ರಾಂ ಪುಡಿ ಸಕ್ಕರೆ, 60 ಗ್ರಾಂ ಚಾಕೊಲೇಟ್, ಮೂರು ಚಮಚ ಮಾದಲ ಹಣ್ಣಿನ ಸಿಹಿ ಮದ್ಯ. ಜತೆಗೆ ಕಡೆದು ಉಬ್ಬಿಸಿದ ಕೆನೆ. ಮನೆಯಲ್ಲಿ ಮಾಡುವ ಚೆಸ್ಟ್‌ನಟ್-ಚಾಕೊಲೇಟ್ ಸಿಹಿಗಳಲ್ಲಿ ಇದಕ್ಕಿಂತ ವಿವೇಕದ ಅಳತೆಯನ್ನು ನಾನು ಕಂಡಿಲ್ಲ.

ವಿವೇಕ ಎಲ್ಲಿದೆ ಎಂದರೆ, ಚಾಕೊಲೇಟನ್ನು ಚೆಸ್ಟ್‌ನಟ್ಟಿನ ಹಿಂದೆ ಇಡುವುದರಲ್ಲಿ. ಚೆಸ್ಟ್‌ನಟ್ ಎಣ್ಣೆಯ ಬೀಜವಲ್ಲ. ಹಸಿ ಬೀಜದಲ್ಲಿ ಅರ್ಧದಷ್ಟು ನೀರೇ, ಉಳಿದದ್ದರಲ್ಲಿ ಬಹುಪಾಲು ಪಿಷ್ಟ, ಕೊಬ್ಬು ಶೇ. 2ರ ಆಸುಪಾಸು. ಬೆಂದ ಹಲಸಿನ ಬೀಜದ ಹಿಟ್ಟುಹಿಟ್ಟಾದ ರುಚಿಗೆ ತುಸು ಸಿಹಿ ಬೆರೆತರೆ ಹೇಗೋ ಹಾಗೆ. ಅಪೆನೈನ್ ಬೆಟ್ಟದ ಬಡವರು ಇದನ್ನು ಒಣಗಿಸಿ, ಬೀಸಿ, ಚಳಿಗಾಲ ಕಳೆದವರು. ಆ ಮರವನ್ನು ರೊಟ್ಟಿಯ ಮರವೆಂದೇ ಕರೆದವರು. ಅದೇ ಹಿಟ್ಟಿನಲ್ಲಿ ಟಸ್ಕನಿಯವರು ಮಾಡುವ ಕಸ್ತಾನ್ಯಾಚೊ ಎಂಬ ತಿನಿಸಿಗೆ ನೀರು, ಆಲಿವ್ ಎಣ್ಣೆ, ರೋಸ್‌ಮೇರಿ ಸಾಕು, ಸಕ್ಕರೆ ಬೇಕಿಲ್ಲ. ಇಷ್ಟು ಮೆಲ್ಲಗಿನ ರುಚಿಯ ಮೇಲೆ ಕಹಿ ಚಾಕೊಲೇಟ್ ಸುರಿದರೆ ಉಳಿಯುವುದು ಚಾಕೊಲೇಟ್ ಮಾತ್ರ.

ಈಗ ಮನೆಮನೆಯಲ್ಲಿ ಕಟ್ಟುವ ಚೆಸ್ಟ್‌ನಟ್ ಟ್ರಫಲ್ ಉಂಡೆಗಳ ಬಗ್ಗೆ ನನ್ನ ತಕರಾರು ಇದೇ. ಒಳಗೆ ಕರಗಿಸಿದ ಚಾಕೊಲೇಟ್, ಮೇಲೆ ಚಾಕೊಲೇಟಿನ ಕವಚ, ಅದರ ಮೇಲೆ ಕೋಕೋ ಪುಡಿ. ಟೂರಿನ್ನಿನ ಜಾಂದೂಯಾ ಎಂಬ ಚಾಕೊಲೇಟ್ ಸಿಹಿ ಯಶಸ್ವಿಯಾಯಿತೆಂದು ಅದೇ ದಾರಿ ಹಿಡಿದಂತಿದೆ. ಆದರೆ ಅಲ್ಲಿರುವುದು ಹೇಝಲ್‌ನಟ್. ಅರ್ಧಕ್ಕಿಂತ ಹೆಚ್ಚು ಕೊಬ್ಬಿರುವ ಬೀಜ. ಅದರ ಎಣ್ಣೆ ಕೋಕೋ ಬೆಣ್ಣೆಯೊಡನೆ ಒಂದಾಗುತ್ತದೆ. ಚೆಸ್ಟ್‌ನಟ್ಟಿನ ಪಿಷ್ಟ ಹಾಗೆ ಬೆರೆಯದು. ಒದ್ದೆ ಹಿಟ್ಟಿಗೆ ಬರಿಯ ಕರಗಿದ ಚಾಕೊಲೇಟ್ ಸೇರಿಸಿದರೆ ಅದು ಗಂಟುಕಟ್ಟುವ ಸಂಭವವೇ ಹೆಚ್ಚು. ಬೆಣ್ಣೆಯನ್ನೋ ಬಿಸಿ ಹಾಲನ್ನೋ ನಡುವೆ ತರಲೇಬೇಕು.

ಆರ್ತೂಸಿಯ ಸಿಹಿಯಲ್ಲಿ ನಿಜವಾದ ಕೆಲಸ ಸಿಪ್ಪೆಯದು. ಹೊರಚಿಪ್ಪಿನ ಒಳಗೆ ಕಂದು ಬಣ್ಣದ ತೆಳು ಪೊರೆಯಿದೆ, ಒಗರು. ಬೀಜ ಬಿಸಿಯಿದ್ದಾಗ ಅದು ಬಿಡುತ್ತದೆ, ಆರಿತೆಂದರೆ ಅಂಟಿ ಕೂರುತ್ತದೆ. ಬೆರಳು ಸುಟ್ಟುಕೊಂಡೇ ಸುಲಿಯಬೇಕು. ಆರ್ತೂಸಿ ಮರ್ರೋನಿ ಎಂಬ ದೊಡ್ಡ ಜಾತಿಯನ್ನೇ ಹೇಳಿರುವುದು ಸುಮ್ಮನೆ ಅಲ್ಲ: ಅದರಲ್ಲಿ ಪೊರೆ ಬೀಜದ ಮಡಿಕೆಗಳೊಳಗೆ ನುಗ್ಗಿರುವುದಿಲ್ಲ. ಸುಲಿದದ್ದನ್ನು ಬಿಸಿಯಲ್ಲೇ ಜರಡಿಯಲ್ಲಿ ಒತ್ತಬೇಕು. ತಣ್ಣಗಾದ ಪಿಷ್ಟ ಬಿಗಿದುಕೊಂಡು ತರಿತರಿಯಾಗುತ್ತದೆ. ಡಬ್ಬಿಯ ಸಿಹಿ ಪೇಸ್ಟ್ ಬಳಸಿದರೆ ಈ ಶ್ರಮವೆಲ್ಲ ಉಳಿಯುತ್ತದೆ, ನಿಜ. ಆದರೆ ಅದರಲ್ಲಿ ಸಕ್ಕರೆ ಮೊದಲೇ ತುಂಬಿರುತ್ತದೆ. ಎಷ್ಟು ಸಿಹಿ ಬೇಕೆಂಬ ತೀರ್ಮಾನ ಮಾಡುವವರ ಕೈತಪ್ಪುತ್ತದೆ. ಮನೆಯಲ್ಲಿ ಮಾಡುವುದಕ್ಕಿರುವ ದೊಡ್ಡ ಕಾರಣವೇ ಆ ತೀರ್ಮಾನ.

ಆರ್ತೂಸಿಯದೂ ಪೂರ್ಣ ಒಪ್ಪುವಂಥದ್ದಲ್ಲ. ಮಾದಲದ ಘಮ ಚೆಸ್ಟ್‌ನಟ್ಟಿಗಿಂತ ಮುಂದೆ ಓಡುತ್ತದೆ. ಆ ಜಾಗಕ್ಕೆ ಒಂದು ಚಮಚ ರಮ್ ಸಾಕು, ಅದೂ ಇಲ್ಲದಿದ್ದರೆ ನಷ್ಟವಿಲ್ಲ. ಸಕ್ಕರೆಯನ್ನು ನೂರು ಗ್ರಾಂಗೆ ಇಳಿಸಬಹುದು. ಕೆನೆಗೆ ಮಾತ್ರ ಸಕ್ಕರೆ ಹಾಕಲೇಬಾರದು. ನೀರಿನಂಶ ಹೆಚ್ಚಿರುವ ಈ ಸಿಹಿ ಫ್ರಿಜ್‌ನಲ್ಲಿಟ್ಟರೂ ಬಹಳ ದಿನ ತಾಳದು, ಉಡುಗೊರೆ ಡಬ್ಬಿಗೆ ಹೊಂದದು. ಮಾಡಿದ ದಿನವೇ, ಜರಡಿಯಿಂದ ಬಿದ್ದ ಎಳೆಗಳು ಇನ್ನೂ ಮೃದುವಾಗಿರುವಾಗಲೇ ತಿನ್ನಬೇಕು.