ಭಯಾನಕ ಚಿತ್ರಗಳೂ ಋಣವಿಚಾರವೂ

ಭೂತಪ್ರೇತಗಳ ಸಿನಿಮಾಗಳನ್ನು ಕುರಿತು ಈ ಪತ್ರಿಕೆಯಲ್ಲಿ ಬರೆಯುವುದೆಂದರೆ ಕೆಲವರು ಹಿರಿಯ ವಾಚಕರು ಹುಬ್ಬೇರಿಸಬಹುದು. ಕಾವ್ಯ, ನಾಟಕ, ಶಾಸನಗಳ ವಿಚಾರ ನಡೆಯಬೇಕಾದ ಪುಟಗಳಲ್ಲಿ ಕೂಗು ಕಿರಿಚಾಟಗಳ ಚಿತ್ರಗಳಿಗೇನು ಕೆಲಸವೆಂಬ ಆಕ್ಷೇಪವು ಮೇಲುನೋಟಕ್ಕೆ ನ್ಯಾಯವಾಗಿಯೇ ಇದೆ. ಆದರೆ ಭರತಮುನಿಯು ಎಂಟು ರಸಗಳನ್ನು ಎಣಿಸುವಾಗ ಭಯಾನಕವನ್ನು ಪಂಕ್ತಿಯಿಂದ ಹೊರಗೆ ಕೂರಿಸಲಿಲ್ಲ. ಶೃಂಗಾರ ಕರುಣಗಳಿಗೆ ಹಾಕಿದ ಮಣೆಯನ್ನೇ ಅದಕ್ಕೂ ಹಾಕಿದನು. ಆತನು ಕೂರಿಸಿದುದನ್ನು ನಾವು ಎಬ್ಬಿಸಿ ಕಳುಹಿಸುವುದು ಉಚಿತವಲ್ಲ.

ಈ ಲೇಖನಕ್ಕೆ ಪ್ರೇರಣೆಯಾದುದು ನನ್ನ ಹಳೆಯ ವಿದ್ಯಾರ್ಥಿಯೊಬ್ಬರ ಪ್ರಶ್ನೆ. ಚಿಕ್ಕಬಳ್ಳಾಪುರದ ಬಸ್ ನಿಲ್ದಾಣದಲ್ಲಿ ಸಿಕ್ಕಿದವರು ಮಾತಿಗೆ ಮಾತು ಬಂದು ಹೀಗೆ ಕೇಳಿದರು: “ಮೇಷ್ಟ್ರೇ, ಇಂಗ್ಲಿಷಿನ ದೆವ್ವದ ಸಿನಿಮಾ ನೋಡಿದರೆ ಅಲ್ಲಿಯೇ ಬೆಚ್ಚುತ್ತೇವೆ, ಅಲ್ಲಿಯೇ ಮರೆಯುತ್ತೇವೆ. ಜಪಾನಿನದೋ ನಮ್ಮದೋ ಆದರೆ ಅದು ಮನೆಯವರೆಗೂ ಹಿಂದೆಯೇ ಬರುತ್ತದೆ. ಇದು ಏಕೆ?” ಆಗ ನನಗೆ ಉತ್ತರ ತೋಚಲಿಲ್ಲ. ಮೊಮ್ಮಕ್ಕಳ ಸಹಾಯದಿಂದ ಅಂಥ ಕೆಲವು ಚಿತ್ರಗಳನ್ನು ನೋಡಿ, ಯೋಚಿಸಿ, ಈಗ ತೋಚಿದಷ್ಟನ್ನು ಇಲ್ಲಿ ನಿವೇದಿಸುತ್ತೇನೆ.

ಮೊದಲು ಶಾಸ್ತ್ರದ ಮಾತು. ನಾಟ್ಯಶಾಸ್ತ್ರದ ಆರನೆಯ ಅಧ್ಯಾಯದಲ್ಲಿ ಭಯಾನಕದ ಕಾರಣಗಳನ್ನು ಹೇಳುವಾಗ ಭರತನು ವಿಕಾರವಾದ ಧ್ವನಿ, ಭೂತಾದಿಗಳ ದರ್ಶನ, ಯುದ್ಧ, ಅರಣ್ಯ, ಪಾಳುಮನೆ ಇವುಗಳನ್ನು ಹೆಸರಿಸಿ, ಜೊತೆಯಲ್ಲಿಯೇ ಗುರುವಿಗೂ ದೊರೆಗೂ ಎಸಗಿದ ಅಪರಾಧವನ್ನು ಸೇರಿಸುತ್ತಾನೆ. ಪಾಠಶಾಲೆಯಲ್ಲಿ ಓದುವಾಗ ಈ ಕೊನೆಯದು ಆ ಸಾಲಿಗೆ ಏಕೆ ಬಂದಿತೆಂದು ನನಗೆ ತಿಳಿದಿರಲಿಲ್ಲ. ಮುಂದೆ ಅದೇ ಅಧ್ಯಾಯದಲ್ಲಿ ಭಯಾನಕವನ್ನು ವ್ಯಾಜ, ಅಪರಾಧ, ವಿತ್ರಾಸಿತಕ ಎಂದು ಮೂರು ಬಗೆಯಾಗಿ ವಿಂಗಡಿಸಿದೆ. ವ್ಯಾಜವೆಂದರೆ ನಟಿಸಿದ ಹೆದರಿಕೆ. ವಿತ್ರಾಸಿತಕವೆಂದರೆ ಹೊರಗಿನದೊಂದು ನಮ್ಮನ್ನು ಬೆದರಿಸಿದುದರಿಂದ ಉಂಟಾದುದು. ಅಪರಾಧದಿಂದ ಹುಟ್ಟುವುದಾದರೋ ತಪ್ಪು ಮಾಡಿದವನ ಎದೆಯಲ್ಲಿ ತಾನಾಗಿಯೇ ಏಳುವ ನಡುಕ. ನನ್ನ ವಿದ್ಯಾರ್ಥಿಯ ಪ್ರಶ್ನೆಗೆ ಉತ್ತರವು ಈ ಕೊನೆಯ ಎರಡರ ಅಂತರದಲ್ಲಿ ಇದೆಯೆಂದು ನನಗೆ ತೋರುತ್ತದೆ.

ಇದನ್ನು ನಮ್ಮ ನೆಲದ ಕಥೆಗಳಿಂದಲೇ ವಿಶದಪಡಿಸಬಹುದು. ಚಿಂತಾಮಣಿಗೆ ಸಮೀಪದ ಕೈವಾರವೇ ಭಾರತದ ಏಕಚಕ್ರನಗರವೆಂದೂ, ಭೀಮಸೇನನು ಬಕಾಸುರನನ್ನು ಕೊಂದುದು ಅಲ್ಲಿಯೇ ಎಂದೂ ನಮ್ಮ ಸೀಮೆಯ ನಂಬಿಕೆ. ಅದು ರಾಕ್ಷಸಕಥೆ. ರಾಕ್ಷಸನು ಊರಿನ ಹೊರಗಿನವನು. ಅವನನ್ನು ಕೊಂದರೆ ಕಥೆ ಮುಗಿಯಿತು. ಬಕನು ಸತ್ತಾಗ ಯಾರ ಕಣ್ಣೂ ಒದ್ದೆಯಾಗಲಿಲ್ಲ. ಪ್ರೇತಕಥೆಯ ರೀತಿಯೇ ಬೇರೆ. ಪ್ರೇತವು ಹೊರಗಿನದಲ್ಲ, ನಿನ್ನೆಯವರೆಗೆ ನಮ್ಮ ಪಡಸಾಲೆಯಲ್ಲಿ ಕುಳಿತಿದ್ದ ಜೀವ. ಅದನ್ನು ಕೊಲ್ಲುವಂತಿಲ್ಲ, ಅದು ಆಗಲೇ ಸತ್ತಿದೆ. ಅದಕ್ಕೆ ಸಲ್ಲಬೇಕಾದುದನ್ನು ಸಲ್ಲಿಸಬೇಕು. ಸಪಿಂಡೀಕರಣದಿಂದ ಪಿತೃಗಳ ಪಂಕ್ತಿಗೆ ಸೇರಿಸಬೇಕು. ಸಲ್ಲಿಸುವವರೆಗೆ ಅದು ಬಾಗಿಲಲ್ಲಿ ನಿಲ್ಲುತ್ತದೆ. ರಾಕ್ಷಸನು ಶತ್ರು, ಪ್ರೇತವು ಸಾಲಗಾರರ ಮನೆಯ ಬಾಗಿಲಿಗೆ ಬಂದ ಧಣಿ.

ಪಾಶ್ಚಾತ್ಯರ ಪ್ರಸಿದ್ಧವಾದ ಭಯಾನಕ ಚಿತ್ರಗಳಲ್ಲಿ ಬಹುಪಾಲು ರಾಕ್ಷಸಕಥೆಗಳು. 1897ರಲ್ಲಿ ಪ್ರಕಟವಾದ ಬ್ರಾಮ್ ಸ್ಟೋಕರನ ಕಾದಂಬರಿಯನ್ನು ಅನುಸರಿಸಿ 1931ರಲ್ಲಿ ಬಂದ ‘ಡ್ರಾಕುಲಾ’ ಚಿತ್ರದಲ್ಲಿ ರಕ್ತ ಹೀರುವ ಪ್ರಭುವು ದೂರದ ಟ್ರಾನ್ಸಿಲ್ವೇನಿಯಾದಿಂದ ಹಡಗನ್ನೇರಿ ಇಂಗ್ಲೆಂಡಿಗೆ ಬರುತ್ತಾನೆ. ಇಂಗ್ಲೆಂಡಿನ ಜನ ಅವನಿಗೆ ಯಾವ ಕೇಡನ್ನೂ ಮಾಡಿದವರಲ್ಲ. ಎದೆಗೆ ಗೂಟವನ್ನು ನಾಟಿದರೆ ಎಲ್ಲವೂ ನೆಟ್ಟಗಾಗುತ್ತದೆ. 1973ರ ‘ದಿ ಎಕ್ಸಾರ್ಸಿಸ್ಟ್’ ಚಿತ್ರದ ಪಿಶಾಚಿಯ ಸುಳಿವು ಮೊದಲು ದೊರೆಯುವುದು ಇರಾಕಿನ ಉತ್ಖನನದ ಮಣ್ಣಿನಲ್ಲಿ; ಅದು ಬಂದು ಸೇರುವುದು ಅಮೆರಿಕದ ಹನ್ನೆರಡು ವರ್ಷದ ಹುಡುಗಿಯೊಬ್ಬಳ ಮೈಯನ್ನು. ಆ ಮಗು ಅದಕ್ಕೆ ಏನು ಮಾಡಿತ್ತು? ಏನೂ ಇಲ್ಲ. ಆದುದರಿಂದಲೇ ಅದನ್ನು ಹೊರಕ್ಕೆ ಅಟ್ಟುವುದೊಂದೇ ದಾರಿ. ಆದರೂ ಆ ಚಿತ್ರದಲ್ಲಿ ನನ್ನ ಮನಸ್ಸಿನಲ್ಲಿ ಉಳಿದುದು ತಿರುಗುವ ಕತ್ತಾಗಲಿ ಹಸಿರು ವಾಂತಿಯಾಗಲಿ ಅಲ್ಲ. ಅವು ಬೀಭತ್ಸದ ಸರಕು. ಒಬ್ಬಂಟಿಯಾಗಿ ಸತ್ತ ತಾಯಿಯನ್ನು ನೆನೆದು ಕೊರಗುವ ಕರಾಸ್ ಎಂಬ ತರುಣ ಪಾದ್ರಿಯೊಬ್ಬನಿದ್ದಾನೆ. ಪಿಶಾಚಿಯು ಅವನನ್ನು ಆ ತಾಯಿಯ ಹೆಸರೆತ್ತಿಯೇ ಇರಿಯುತ್ತದೆ. ಅಲ್ಲಿ ಭರತನ ‘ಅಪರಾಧ’ವು ಇಣುಕಿತು, ಭಯವೂ ಅಲ್ಲಿಯೇ ಆಳವಾಯಿತು.

ಒಂದೇ ಕಥೆಯನ್ನು ಎರಡು ದೇಶಗಳವರು ಹೇಳಿದಾಗ ಈ ಭೇದವು ಇನ್ನೂ ಸ್ಪಷ್ಟವಾಗುತ್ತದೆ. ಜಪಾನಿನ ಕೋಜಿ ಸುಝುಕಿಯವರು 1991ರಲ್ಲಿ ಪ್ರಕಟಿಸಿದ ಕಾದಂಬರಿಯೊಂದನ್ನು ಹಿದೆಯೊ ನಕಾತಾ ಎಂಬವರು 1998ರಲ್ಲಿ ‘ರಿಂಗು’ ಎಂಬ ಹೆಸರಿನಿಂದ ಚಿತ್ರವಾಗಿಸಿದರು. ಅದನ್ನೇ 2002ರಲ್ಲಿ ಗೋರ್ ವರ್ಬಿನ್‌ಸ್ಕಿಯವರು ಅಮೆರಿಕದಲ್ಲಿ ‘ದಿ ರಿಂಗ್’ ಎಂದು ಮತ್ತೆ ತೆಗೆದರು. ಒಂದು ವಿಡಿಯೋ ಕ್ಯಾಸೆಟ್ಟನ್ನು ನೋಡಿದವರು ಏಳು ದಿನಗಳಲ್ಲಿ ಸಾಯುತ್ತಾರೆ. ಅದರ ಮೂಲದಲ್ಲಿರುವುದು ಬಾವಿಗೆ ನೂಕಲ್ಪಟ್ಟ ಒಬ್ಬ ಹುಡುಗಿ. ಇಷ್ಟು ಎರಡಕ್ಕೂ ಸಮಾನ.

ಜಪಾನೀ ಚಿತ್ರದಲ್ಲಿ ಆ ಹುಡುಗಿ ಸದಾಕೊಳ ತಾಯಿಗೆ ಕಾಣದುದನ್ನು ಕಾಣುವ ಶಕ್ತಿಯಿತ್ತು. ಅದನ್ನು ಸಭೆಯಲ್ಲಿ ಪ್ರದರ್ಶಿಸಿದಾಗ ನೆರೆದಿದ್ದ ಪತ್ರಿಕೆಯವರು ಮೋಸಗಾತಿಯೆಂದು ಅವಳನ್ನು ಹಳಿದರು. ಮುಂದೆ ಆಕೆ ಜ್ವಾಲಾಮುಖಿಗೆ ಹಾರಿ ಪ್ರಾಣ ಬಿಟ್ಟಳು. ಈಗ ಆ ಶಾಪದ ಬೆನ್ನು ಹತ್ತಿರುವ ರೇಕೊ ಎಂಬ ನಾಯಿಕೆಯ ವೃತ್ತಿಯಾದರೂ ಏನು? ಅವಳೂ ವರದಿಗಾರಳೇ. ವೃತ್ತಿಬಾಂಧವರು ಮಾಡಿದ ಸಾಲವು ಅವಳ ಮನೆಯನ್ನೇ ಹುಡುಕಿಕೊಂಡು ಬಂದಿದೆ. ಅಮೆರಿಕದ ಚಿತ್ರದಲ್ಲಿಯೂ ನಾಯಿಕೆಯು ಪತ್ರಕರ್ತೆಯೇ. ಆದರೆ ಪತ್ರಿಕೆಯವರು ಒಬ್ಬ ಹೆಂಗಸನ್ನು ಅವಮಾನಿಸಿದ ಆ ಪ್ರಸಂಗವೇ ಅಲ್ಲಿಲ್ಲ. ಅಲ್ಲಿಯ ಹುಡುಗಿ ಹುಟ್ಟಿನಿಂದಲೇ ಕೇಡಿಗಳೆಂಬಂತೆ ಚಿತ್ರಿತಳಾಗಿದ್ದಾಳೆ. ಅವಳಿಗೆ ನೆರವಾದುದೇ ತಪ್ಪಾಯಿತೆಂಬುದು ಕಡೆಯ ತಿರುವು. ಪ್ರೇತವಾಗಿ ಹೊರಟವಳು ಸಮುದ್ರ ದಾಟುವಷ್ಟರಲ್ಲಿ ರಾಕ್ಷಸಿಯಾದಳು.

ಮುಕ್ತಾಯದಲ್ಲಿಯೂ ಸೂಕ್ಷ್ಮವಾದ ವ್ಯತ್ಯಾಸವಿದೆ. ಕ್ಯಾಸೆಟ್ಟಿನ ಪ್ರತಿ ಮಾಡಿ ಮತ್ತೊಬ್ಬರಿಗೆ ತೋರಿಸಿದರೆ ಮಾತ್ರ ತೋರಿಸಿದವರು ಬದುಕಬಹುದು. ಜಪಾನಿನ ತಾಯಿ ಮಗನನ್ನು ಉಳಿಸಿಕೊಳ್ಳಲು ತನ್ನ ತಂದೆಯ ಮನೆಯ ಕಡೆಗೆ ಕಾರನ್ನು ನಡೆಸುತ್ತಾಳೆ. ಮೊಮ್ಮಗನ ಸಾಲವನ್ನು ತಾತನ ತಲೆಗೆ ಕಟ್ಟಬೇಕಾಗಿದೆ. ಅಮೆರಿಕದ ಮಗುವು, ಇದನ್ನು ನೋಡುವವರ ಗತಿಯೇನೆಂದು ಕೇಳುತ್ತದೆ. ತಾಯಿ ಉತ್ತರ ಕೊಡುವುದಿಲ್ಲ. ಆ ನೋಡುವವರು ಯಾರೋ ಹೆಸರಿಲ್ಲದವರು. ಹೆಸರಿಲ್ಲದವರ ಪಾಡು ನಮ್ಮನ್ನು ಮನೆಯವರೆಗೆ ಹಿಂಬಾಲಿಸದು. ತಾತನ ಪಾಡು ಹಿಂಬಾಲಿಸುತ್ತದೆ.

ಇನ್ನು ನಮ್ಮ ನಾಡಿಗೆ ಬರೋಣ. 1990ರ ದಶಕದಲ್ಲಿ ಬೆಂಗಳೂರಿನಿಂದ ಹಿಡಿದು ಕರ್ನಾಟಕದ ಅನೇಕ ಊರುಗಳಲ್ಲಿ ‘ನಾಳೆ ಬಾ’ ಎಂಬ ಸುದ್ದಿ ಹಬ್ಬಿದುದನ್ನು ನಡುವಯಸ್ಸು ಮೀರಿದವರು ಮರೆತಿರಲಾರರು. ರಾತ್ರಿಯ ಹೊತ್ತು ಒಂದು ಹೆಣ್ಣುದೆವ್ವವು ಮನೆಯವರ ಪೈಕಿ ಒಬ್ಬರ ಧ್ವನಿಯಲ್ಲಿಯೇ ಕರೆಯುತ್ತದೆ. ಬಾಗಿಲು ತೆರೆದವರು ಉಳಿಯುವುದಿಲ್ಲ. ಆದರೆ ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆದಿದ್ದರೆ ಅದನ್ನು ಓದಿಕೊಂಡು ಹಿಂದಿರುಗುತ್ತದೆ. ಮರುದಿನ ಬಂದರೂ ಅದೇ ಬರಹ. ಆಗ ಇನ್ನೂ ಕೋಲಾರ ಜಿಲ್ಲೆಗೆ ಸೇರಿದ್ದ ನಮ್ಮ ತಾಲ್ಲೂಕುಗಳಲ್ಲಿ ಕನ್ನಡದ ಬಾಗಿಲುಗಳು ಕನ್ನಡದಲ್ಲಿಯೂ, ತೆಲುಗು ಮನೆಮಾತಿನವರ ಬಾಗಿಲುಗಳು ‘ಓ ಸ್ತ್ರೀ ರೇಪು ರಾ’ ಎಂದು ತೆಲುಗಿನಲ್ಲಿಯೂ ಉತ್ತರ ಹೇಳಿದುವು. ನಾನು ಆಗ ಉಪಾಧ್ಯಾಯನಾಗಿದ್ದ ಶಾಲೆಯಲ್ಲಿ ಸೀಮೆಸುಣ್ಣದ ಡಬ್ಬಿಯು ಎರಡೇ ದಿನಗಳಲ್ಲಿ ಬರಿದಾಯಿತು. ಗದರಿಸಿ ಕೇಳಿದಾಗ ಒಬ್ಬ ಹುಡುಗನು, “ನಮ್ಮ ಅಜ್ಜಿ ತರಹೇಳಿದರು ಸಾರ್” ಎಂದನು. ನಾನು ಮೂಢನಂಬಿಕೆಯ ಮೇಲೆ ಅರ್ಧ ಗಂಟೆ ಉಪನ್ಯಾಸ ಮಾಡಿದೆನು.

ಆ ಉಪನ್ಯಾಸದಲ್ಲಿ ನಾನು ಗಮನಿಸದೆ ಹೋದ ಒಂದು ಸಂಗತಿ ಉಂಟು. ಜನರು ಬಾಗಿಲ ಮೇಲೆ ‘ತೊಲಗು’ ಎಂದು ಬರೆಯಲಿಲ್ಲ, ಮಂತ್ರವನ್ನೂ ಬರೆಯಲಿಲ್ಲ. ‘ನಾಳೆ ಬಾ’ ಎಂದರು. ಲೋಕದಲ್ಲಿ ಈ ಮಾತನ್ನು ಯಾರು ಯಾರಿಗೆ ಹೇಳುತ್ತಾರೆ? ಕೈಯಲ್ಲಿ ಹಣವಿಲ್ಲದವನು ಬಾಕಿ ಕೇಳಲು ಬಂದವರಿಗೆ ಹೇಳುತ್ತಾನೆ. ಅಂಗಡಿಗಳಲ್ಲಿ ‘ಇಂದು ನಗದು, ನಾಳೆ ಸಾಲ’ ಎಂಬ ಹಲಗೆಯನ್ನು ನಾವೆಲ್ಲರೂ ಕಂಡಿದ್ದೇವೆ. ಆ ನಾಳೆಯೂ ಈ ನಾಳೆಯೂ ಒಂದೇ ಪಂಚಾಂಗದವು. ಬಂದವಳಿಗೆ ಏನೋ ಸಲ್ಲಬೇಕಾಗಿದೆ ಎಂಬುದನ್ನು ಆ ಬರಹವು ಒಪ್ಪಿಕೊಳ್ಳುತ್ತದೆ. ಕೊಡುವುದನ್ನು ಮಾತ್ರ ಮುಂದಕ್ಕೆ ಹಾಕುತ್ತದೆ. ಬಂದವಳು ಹೆಂಗಸೇ ಎಂಬುದನ್ನು ಯಾರೂ ಹೇಳಿಕೊಡದೆ ಎಲ್ಲರೂ ತಿಳಿದಿದ್ದರೆಂಬುದೂ ವಿಚಾರಾರ್ಹ.

ನಮ್ಮ ಚಿತ್ರಗಳನ್ನು ಈ ಒರೆಗಲ್ಲಿಗೆ ಹಚ್ಚಿ ನೋಡಬಹುದು. 1979ರ ‘ನಾ ನಿನ್ನ ಬಿಡಲಾರೆ’ ಚಿತ್ರದ ಹೆಸರೇ ಸಾಲ ಕೊಟ್ಟವರ ಮಾತಿನಂತಿದೆ. ಅದರಲ್ಲಿ ಹೆಣ್ಣಿನ ಪ್ರೇತವು ಗಂಡಸಿನ ಮೈಮೇಲೆ ಬರುತ್ತದೆ. ಬಿಡುಗಡೆಯು ರಾಘವೇಂದ್ರಸ್ವಾಮಿಗಳ ಅನುಗ್ರಹದಿಂದ ದೊರೆಯುತ್ತದೆ. ಅನಂತನಾಗ್ ಅವರ ಅಭಿನಯವನ್ನು ಇಂದಿಗೂ ಜನ ನೆನೆಯುತ್ತಾರೆ. ಆದರೆ ಅನುಗ್ರಹವು ಉಳಿದವರನ್ನು ಕಾಪಾಡಿತಲ್ಲದೆ ಸತ್ತವಳ ಲೆಕ್ಕ ಏನಾಯಿತೆಂದು ನೋಡುಗನು ಕೇಳುವುದಿಲ್ಲ. 2004ರ ‘ಆಪ್ತಮಿತ್ರ’ವು ಇದಕ್ಕಿಂತ ಮುಂದೆ ಹೋಗುತ್ತದೆ. 1993ರ ಮಲಯಾಳದ ‘ಮಣಿಚಿತ್ರತ್ತಾಳ್’ ಚಿತ್ರದಿಂದ ಬಂದ ಈ ಕಥೆಯಲ್ಲಿ ನಾಗವಲ್ಲಿಯೆಂಬ ನರ್ತಕಿಗೆ ಅರಮನೆಯಲ್ಲಿ ಆದ ಅನ್ಯಾಯವು ತಲೆಮಾರುಗಳ ಮೇಲೆ ಗಂಗೆಯೆಂಬ ಗೃಹಿಣಿಯ ಮನಸ್ಸನ್ನು ಹೊಕ್ಕಿದೆ. ಮನೋವೈದ್ಯನೂ ಮಾಂತ್ರಿಕನಾದ ಆಚಾರ್ಯನೂ ಕೈಗೂಡಿಸಿ, ರಾಜನ ಸ್ಥಾನದಲ್ಲಿ ಬೊಂಬೆಯನ್ನಿಟ್ಟು, ಅವಳ ಸೇಡು ತೀರುವಂತೆ ಮಾಡುತ್ತಾರೆ. ಅಟ್ಟುವುದಕ್ಕೆ ಬದಲು ಸಲ್ಲಿಸಿ ಕಳುಹಿಸುವ ಈ ಚಿಕಿತ್ಸೆಯು ಅಪ್ಪಟ ಪ್ರೇತಕಥೆಯ ಧರ್ಮ. ಈ ಕಥೆಯು ತಮಿಳು ಹಿಂದಿಗಳಲ್ಲಿಯೂ ಗೆದ್ದುದಕ್ಕೆ ಇದೇ ಕಾರಣವೆಂದು ನನ್ನ ಊಹೆ. ಆದರೂ ಒಂದು ಮಾತು ಹೇಳಲೇಬೇಕು: ಋಣವು ತೀರಿದುದು ಬೊಂಬೆಯಿಂದ. ನೋಡಿದವರಿಗೆ ನೆಮ್ಮದಿಯಾಯಿತು, ಧಣಿಯ ಕೈಗೆ ಬಿದ್ದುದು ಖೋಟಾ ನಾಣ್ಯ.

2022ರ ‘ಕಾಂತಾರ’ವನ್ನು ಭಯಾನಕ ಚಿತ್ರವೆಂದು ಕರೆಯಲಾಗದು. ಆದರೂ ದೈವಕ್ಕೆ ಕೊಟ್ಟ ಮಾತಿಗೆ ತಪ್ಪಿ, ದಾನದ ನೆಲವನ್ನು ಮರಳಿ ಕೇಳಿದ ವಂಶಸ್ಥನ ಪಾಡನ್ನು ಕಂಡಾಗ ಚಿತ್ರಮಂದಿರದಲ್ಲಿ ಹರಡಿದ ಮೌನವು ಅಪರಾಧದಿಂದ ಹುಟ್ಟಿದ ಭಯಾನಕವೇ ಸರಿ.

‘ನಾಳೆ ಬಾ’ ಎಂಬ ಬಾಗಿಲಬರಹವನ್ನೇ ಬೀಜವಾಗಿ ಇಟ್ಟುಕೊಂಡು 2018ರಲ್ಲಿ ಅಮರ್ ಕೌಶಿಕರು ‘ಸ್ತ್ರೀ’ ಎಂಬ ಹಿಂದಿ ಚಿತ್ರವನ್ನು ತೆಗೆದರು. ಕಥೆ ನಡೆಯುವುದು ಮಧ್ಯಪ್ರದೇಶದ ಚಂದೇರಿಯಲ್ಲಿ. ಮದುವೆಯ ರಾತ್ರಿಯೇ ಊರವರಿಂದ ಹತಳಾದ ಗಣಿಕೆಯೊಬ್ಬಳು ಪ್ರೇತವಾಗಿ ಬಂದು ಗಂಡಸರನ್ನು ಒಯ್ಯುತ್ತಾಳೆ. ಚಿತ್ರದ ತುಂಬ ನಗೆಯಿದೆ. ಕೆಲವು ಕಡೆ ಅಗ್ಗದ ನಗೆಯೂ ಇದೆ. ಆದರೆ ಕಡೆಯಲ್ಲಿ ಊರಿನವರು ಅವಳ ಪ್ರತಿಮೆಯನ್ನು ನಿಲ್ಲಿಸಿ, ನಾಳೆ ಬಾ ಎಂಬುದಕ್ಕೆ ಬದಲಾಗಿ ನಮ್ಮನ್ನು ಕಾಪಾಡು ಎಂಬ ಬರಹವನ್ನು ಕೆತ್ತಿಸುತ್ತಾರೆ. ಅವಳು ಅದನ್ನು ಓದಿ ಹಿಂದಿರುಗುತ್ತಾಳೆ. ಊರು ತನ್ನ ಅಪರಾಧವನ್ನು ಬಹಿರಂಗವಾಗಿ ಒಪ್ಪಿಕೊಂಡ ಆ ಒಂದು ದೃಶ್ಯಕ್ಕಾಗಿ ನಾನು ಚಿತ್ರದ ಉಳಿದ ದೋಷಗಳನ್ನು ಕ್ಷಮಿಸುತ್ತೇನೆ.

ಇಷ್ಟರಿಂದ ಪೂರ್ವದವರೆಲ್ಲ ಧರ್ಮಜ್ಞರು, ಪಶ್ಚಿಮದವರು ಹೃದಯವಿಲ್ಲದವರು ಎಂದು ತೀರ್ಮಾನಿಸಬಾರದು. ಶೇಕ್ಸ್‌ಪಿಯರನ ಹ್ಯಾಮ್ಲೆಟ್ ನಾಟಕದ ಪ್ರೇತವು ತಂದೆಯದು, ಬಂದುದು ಬಾಕಿ ಕೇಳಲು. ಜಾರ್ಡನ್ ಪೀಲ್ ಎಂಬವರು 2017ರಲ್ಲಿ ತೆಗೆದ ‘ಗೆಟ್ ಔಟ್’ ಚಿತ್ರದಲ್ಲಿ ಪ್ರೇತವೇ ಇಲ್ಲ. ಕರಿಯರ ಮೈಯನ್ನು ಬಿಳಿಯರು ತಮ್ಮ ಸ್ವತ್ತೆಂದು ಭಾವಿಸಿದ ಹಳೆಯ ಪಾಪವೇ ಅಲ್ಲಿ ನಡುಕ ಹುಟ್ಟಿಸುತ್ತದೆ. ಅವರಲ್ಲಿ ಯೋಚಿಸುವವರು ಅಪರಾಧದ ಕಡೆಗೆ ತಿರುಗುತ್ತಿರುವಾಗ, ನಮ್ಮ ಹೊಸ ಚಿತ್ರಗಳಲ್ಲಿ ಅನೇಕವು ಅವರು ಬಿಟ್ಟ ವಿತ್ರಾಸಿತಕವನ್ನು ಹೆಕ್ಕಿಕೊಳ್ಳುತ್ತಿವೆ: ಇದ್ದಕ್ಕಿದ್ದಂತೆ ಬಡಿಯುವ ಬಾಗಿಲು, ಕಿವಿಗೆ ಅಪ್ಪಳಿಸುವ ವಾದ್ಯ, ಕನ್ನಡಿಯಲ್ಲಿ ಮುಖ. ಬೆಚ್ಚಿಸುವುದು ಸುಲಭ. ಬೆನ್ನ ಹಿಂದೆ ಪಟಾಕಿ ಹೊಡೆದರೂ ಬೆಚ್ಚುತ್ತೇವೆ, ಅದು ರಸವಲ್ಲ.

ಕೊನೆಯದಾಗಿ ಒಂದು ನೆನಪು. ಆ ‘ನಾಳೆ ಬಾ’ದ ದಿನಗಳಲ್ಲಿ ನಮ್ಮ ಬೀದಿಯ ಒಂದು ಬಾಗಿಲಲ್ಲಿ ಮಿಕ್ಕೆಲ್ಲ ಮನೆಗಳಿಗಿಂತ ದೊಡ್ಡ ಅಕ್ಷರಗಳಿದ್ದುವು, ಸೀಮೆಸುಣ್ಣದಲ್ಲಲ್ಲ, ಬಣ್ಣದಲ್ಲಿ. ಆ ಮನೆಯ ಹಿತ್ತಿಲ ಬಾವಿಗೆ ಕೆಲವು ವರ್ಷಗಳ ಹಿಂದೆ ಚಪ್ಪಡಿ ಮುಚ್ಚಿದ್ದರು. ಸೊಸೆ ಕಾಲು ಜಾರಿ ಬಿದ್ದಳೆಂದು ಮನೆಯವರು ಹೇಳಿದರು, ಬೀದಿಯವರು ಕೇಳಿಸಿಕೊಂಡರು. ಅವಳು ಅಳುತ್ತಿದ್ದುದನ್ನು ರಾತ್ರಿಗಳಲ್ಲಿ ನಾವು ಕೇಳಿದ್ದೆವು. ಮೂಢನಂಬಿಕೆಯ ಮೇಲೆ ಅರ್ಧ ಗಂಟೆ ಮಾತನಾಡಿದ ಉಪಾಧ್ಯಾಯನೂ ಕೇಳಿದ್ದನು; ಹೋಗಿ ಬಾಗಿಲು ತಟ್ಟಿ ಒಂದು ಮಾತು ವಿಚಾರಿಸಲಿಲ್ಲ. ‘ರಿಂಗು’ ಚಿತ್ರದಲ್ಲಿ ಬಾವಿಯ ಮುಚ್ಚಳವು ಸರಿದಾಗ ನನಗೆ ನೆನಪಾದುದು ಜಪಾನಲ್ಲ.

ನನ್ನ ವಿದ್ಯಾರ್ಥಿಯ ಪ್ರಶ್ನೆಗೆ ಇದೇ ನನ್ನ ಉತ್ತರ. ಕೆಲವು ಚಿತ್ರಗಳು ಮನೆಯವರೆಗೆ ಹಿಂದೆ ಬರುವುದು ಅವುಗಳಿಗೆ ಬೇಕಾದುದು ಮನೆಯಲ್ಲಿಯೇ ಇರುವುದರಿಂದ. ವಾಚಕರು ಮುಂದೆ ಇಂಥ ಚಿತ್ರಗಳನ್ನು ನೋಡುವಾಗ, ದೆವ್ವವು ಎಷ್ಟು ಹೆದರಿಸಿತೆಂಬುದಕ್ಕಿಂತ ಅದಕ್ಕೆ ಸಲ್ಲಬೇಕಾದುದೇನು, ಸಲ್ಲಿಸಿದವರು ಯಾರು ಎಂಬುದನ್ನು ಕೇಳಿಕೊಳ್ಳಬೇಕೆಂದು ನನ್ನ ಬಿನ್ನಹ. ಆ ಪ್ರಶ್ನೆಯನ್ನು ಬದುಕಿರುವವರ ವಿಷಯದಲ್ಲಿಯೂ, ಅವರು ಬದುಕಿರುವಾಗಲೇ, ಕೇಳಿಕೊಂಡರೆ ಇನ್ನೂ ಒಳ್ಳೆಯದು.